ಮಂಡಿ ಸವೆತಕ್ಕೆ ಲೇಸರ್ ಅಕ್ಯುಪಂಕ್ಚರ್: ಯಾವುದರ ಜತೆಗೆ, ಯಾವುದರ ಬದಲಿಗೆ?

ಮಂಡಿ ಸವೆತಕ್ಕೆ ಲೇಸರ್ ಅಕ್ಯುಪಂಕ್ಚರ್ (ದೇಹದ ಕೆಲವು ಬಿಂದುಗಳಿಗೆ ಸೂಜಿ ಚುಚ್ಚುವ ಬದಲು ಲೇಸರ್ ಬೆಳಕು ಹಿಡಿಯುವ ಚಿಕಿತ್ಸೆ) ಮಾಡಿಸಬಹುದಾ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತದೆ. ಚಿಕಿತ್ಸೆ ಕೊಡುವವರು ‘ಸೂಜಿ ಇಲ್ಲ, ನೋವಿಲ್ಲ, ಧೈರ್ಯವಾಗಿ ಮಾಡಿಸಿ’ ಎನ್ನುತ್ತಾರೆ. ನಂಬದವರು ‘ಅದೆಲ್ಲ ಸುಮ್ನೆ ಲೈಟ್ ಬಿಡೋದು’ ಎಂದು ತಳ್ಳಿಹಾಕುತ್ತಾರೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುವವರಿಗೆ ಈ ಎರಡರಿಂದಲೂ ಪ್ರಯೋಜನವಿಲ್ಲ. ಅವರಿಗೆ ಬೇಕಿರುವುದು ಒಂದು ಲೆಕ್ಕ. ಇದಕ್ಕೆ ಹಾಕುವ ಸಮಯ, ದುಡ್ಡನ್ನು ಬೇರೆ ಚಿಕಿತ್ಸೆಗೆ ಹಾಕಿದರೆ ಎಷ್ಟು ಸಿಗುತ್ತದೆ? ಆ ಲೆಕ್ಕವನ್ನೇ ಇಲ್ಲಿ ಮಾಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವ್ಯಾಯಾಮದ ಜತೆಗೆ ಲೇಸರ್ ಸೇರಿಸಿಕೊಳ್ಳುವುದಾದರೆ ನೋಡಬಹುದು, ಅಪಾಯ ತೀರಾ ಕಡಿಮೆ. ವ್ಯಾಯಾಮದ ಬದಲಿಗೆ ಮಾಡಿಸಿಕೊಳ್ಳುವುದಾದರೆ ಬೇಡ. ಇನ್ನು ಮಾಡಿಸುವುದೇ ಆದರೆ ಯಂತ್ರ ಯಾವುದು, ಡೋಸ್ ಎಷ್ಟು, ಎಲ್ಲಿ ಹಿಡಿಯುತ್ತಾರೆ ಎಂದು ಕೇಳದೆ ಒಪ್ಪಿಕೊಳ್ಳಬೇಡಿ. ಒಂದೇ ಹೆಸರಿನಲ್ಲಿ ತೀರಾ ಬೇರೆ ಬೇರೆ ಚಿಕಿತ್ಸೆಗಳು ನಡೆಯುತ್ತವೆ.

ನೋವು ಸವೆತದ್ದೇನಾ?

ವಯಸ್ಸು 45 ದಾಟಿದೆ. ಓಡಾಡಿದಾಗ ನೋವು ಜಾಸ್ತಿಯಾಗುತ್ತದೆ. ಬೆಳಗ್ಗೆ ಮಂಡಿ ಬಿಗಿಯುವುದಿಲ್ಲ, ಬಿಗಿದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಇಷ್ಟಿದ್ದರೆ ಎಕ್ಸ್‌ರೇ ಇಲ್ಲದೆಯೇ ಆಸ್ಟಿಯೋ ಆರ್ಥ್ರೈಟಿಸ್ (ಕೀಲು ಸವೆತ) ಎಂದು ಗುರುತಿಸಬಹುದು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ಹಲವು ಸಲ ತಾಳೆಯಾಗುವುದಿಲ್ಲ. ಚಿತ್ರದಲ್ಲಿ ಮಂಡಿ ಹಾಳಾಗಿ ಕಂಡರೂ ಆರಾಮಾಗಿ ನಡೆಯುವವರಿದ್ದಾರೆ. ಚಿತ್ರ ಪರವಾಗಿಲ್ಲ ಎನ್ನುವಂತಿದ್ದರೂ ರಾತ್ರಿ ನಿದ್ದೆ ಬಾರದವರೂ ಇದ್ದಾರೆ.

ಕೆಲವು ಲಕ್ಷಣ ಕಂಡರೆ ಲೇಸರ್, ಸೂಜಿ ಎಲ್ಲವನ್ನೂ ಪಕ್ಕಕ್ಕಿಡಿ. ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಬಂದರೆ ಅದು ಕೀಲಿನೊಳಗಿನ ಸೋಂಕಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಮಡಚಿದ್ದು ಬಿಡಿಸಲಾಗದಂತೆ ಸಿಕ್ಕಿಕೊಂಡರೆ, ಮೀನಖಂಡ ಊದಿ ನೋಯುತ್ತಿದ್ದರೆ ಕೂಡ ತಡ ಮಾಡಬೇಡಿ.

ಲೇಸರ್ ಅಂದರೆ ಯಾವ ಲೇಸರ್?

ಅಕ್ಯುಪಂಕ್ಚರ್‌ನಲ್ಲಿ ಸೂಜಿ ಚುಚ್ಚುವ ಬಿಂದುಗಳ ಮೇಲೆ ಸೂಜಿಯ ಬದಲು ಸಣ್ಣ ಲೇಸರ್ ಹಿಡಿಯುವುದು ಮೊದಲನೇ ಬಗೆ. ಲೇಸರ್ ಅಕ್ಯುಪಂಕ್ಚರ್ ಎನ್ನುವುದು ಇದನ್ನೇ. ಮಂಡಿ ಚಿಪ್ಪಿನ ಕೆಳಗೆ ಎರಡೂ ಪಕ್ಕದ ಗುಳಿಗಳು, ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಕಾಲಿನ ಹೊರಬದಿಯ ಎಸ್‌ಟಿ 36 ಎಂಬ ಬಿಂದು, ಒಳಬದಿಯಲ್ಲಿ ಮೂಳೆಯ ಅಂಚಿನ ಕೆಳಗಿರುವ ಎಸ್‌ಪಿ 9. ಹೆಚ್ಚಾಗಿ ಬಳಸುವುದು ಇಂಥ ಬಿಂದುಗಳನ್ನು.

ಎರಡನೇ ಬಗೆಯಲ್ಲಿ ಬಿಂದುಗಳ ಗೊಡವೆಯೇ ಇಲ್ಲ. ಕೀಲು ಸೇರುವ ಗೆರೆಯ ಉದ್ದಕ್ಕೂ, ನೋಯುವ ಜಾಗದಲ್ಲೇ ಲೇಸರ್ ಹಿಡಿಯುತ್ತಾರೆ. ಫಿಸಿಯೋಥೆರಪಿಯವರು ಕಡಿಮೆ ಶಕ್ತಿಯ ಲೇಸರ್ ಅಥವಾ ಫೋಟೋಬಯೋಮಾಡ್ಯುಲೇಷನ್ ಎನ್ನುವುದು ಇದಕ್ಕೆ. ಇದರ ಮೂಲ ಹಂಗೇರಿಯಲ್ಲಿದೆ. ಮೊದಲ ಲೇಸರ್ ಬಂದದ್ದು 1960ರಲ್ಲಿ. ಏಳು ವರ್ಷದ ನಂತರ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಬೋಳಿಸಿದ ಇಲಿಗಳ ಮೇಲೆ ಸಣ್ಣ ಲೇಸರ್ ಬಿಟ್ಟು ನೋಡಿದರು. ಬೆಳಕು ಬಿದ್ದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು.

ಮೂರನೆಯದು ಚೀನಾದಲ್ಲಿ ಬಳಕೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಲೇಸರ್. ಇದು ಒಳಕ್ಕೆ ಇಳಿಯುವುದಿಲ್ಲ, ಚರ್ಮದ ಮೇಲೆ ಹಿತವಾದ ಬಿಸಿ ಕೊಡುತ್ತದೆ. ಗಿಡಮೂಲಿಕೆ ಸುಟ್ಟು ಬಿಂದುಗಳಿಗೆ ಶಾಖ ಕೊಡುವ ಮಾಕ್ಸಿಬಶ್ಚನ್ ಎಂಬ ಹಳೆಯ ಪದ್ಧತಿಯ ಹೊಸ ರೂಪ ಅನ್ನಬಹುದು.

ಮೊದಲ ಎರಡು ಬಗೆಯಲ್ಲಿ ನಿಮಗೆ ಏನೂ ಅನ್ನಿಸದಿರಬಹುದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸುತ್ತಾರೆ. ಕಪ್ಪು ಅಥವಾ ಹಸಿರು ಗಾಜಿನ ಕನ್ನಡಕ ಹಾಕುತ್ತಾರೆ. ಪೆನ್ನಿನಂಥ ಒಂದು ಸಾಧನದ ತುದಿಯನ್ನು ಚರ್ಮಕ್ಕೆ ನೇರವಾಗಿ ಒತ್ತಿ ಹಿಡಿಯುತ್ತಾರೆ, ಬೀಪ್ ಬಂದ ಮೇಲೆ ಮುಂದಿನ ಜಾಗಕ್ಕೆ ಹೋಗುತ್ತಾರೆ. ಒತ್ತುವುದಕ್ಕೆ ಕಾರಣವಿದೆ. ತುದಿ ಚರ್ಮದಿಂದ ದೂರವಿದ್ದರೆ ಬೆಳಕಿನ ಒಂದಷ್ಟು ಪಾಲು ಚರ್ಮಕ್ಕೆ ತಾಗಿ ವಾಪಸ್ ಹೋಗುತ್ತದೆ. ಮಂಡಿಯಿಂದ ಒಂದು ಗೇಣು ಮೇಲೆ ಸಾಧನವನ್ನು ಗಾಳಿಯಲ್ಲಿ ಆಡಿಸುತ್ತಿದ್ದರೆ ಯಾಕೆ ಎಂದು ಕೇಳಿ. ಆಡಿಸುವುದಕ್ಕೆಂದೇ ಮಾಡಿದ ಜಾಸ್ತಿ ಶಕ್ತಿಯ ಯಂತ್ರಗಳೂ ಇವೆ, ಆದರೆ ಸಣ್ಣ ಲೇಸರನ್ನು ಹಾಗೆ ಬಳಸಿದರೆ ಡೋಸ್ ಒಳಗೆ ಇಳಿಯುವುದಿಲ್ಲ.

ಮೆಲ್ಬರ್ನ್ ಅಧ್ಯಯನ ಹೇಳಿದ್ದು

ಈ ವಿಷಯದಲ್ಲಿ ಎಲ್ಲರೂ ಎತ್ತಿಕೊಳ್ಳುವ ಅಧ್ಯಯನ ಆಸ್ಟ್ರೇಲಿಯಾದ ಮೆಲ್ಬರ್ನ್‌ನದು. 2014ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 50 ದಾಟಿದ, ಹಳೆಯ ಮಂಡಿ ನೋವಿನ 282 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಸೂಜಿ, ಒಂದಕ್ಕೆ ಲೇಸರ್, ಒಂದಕ್ಕೆ ಹುಸಿ ಲೇಸರ್, ಒಂದಕ್ಕೆ ಏನೂ ಇಲ್ಲ. ಹುಸಿ ಲೇಸರ್ ಅಂದರೆ ಯಂತ್ರ ಆನ್ ಆದಂತೆ ಕಾಣುತ್ತದೆ, ಲೇಸರ್ ಮಾತ್ರ ಹೊರಬರುವುದಿಲ್ಲ. ನಿಜವೋ ಹುಸಿಯೋ ಎಂಬುದು ರೋಗಿಗೂ ಗೊತ್ತಿಲ್ಲ, ಹಿಡಿದ ವೈದ್ಯರಿಗೂ ಗೊತ್ತಿಲ್ಲ. ಸೂಜಿಗಿಂತ ಲೇಸರ್‌ನಲ್ಲಿ ಇಂಥ ಪರೀಕ್ಷೆ ಸುಲಭ, ಏಕೆಂದರೆ ಚುಚ್ಚಿದ್ದು ಯಾರಿಗಾದರೂ ತಿಳಿಯುತ್ತದೆ ಅಲ್ವಾ.

ಹನ್ನೆರಡು ವಾರದ ನಂತರ, ಏನೂ ಮಾಡಿಸಿಕೊಳ್ಳದವರಿಗೆ ಹೋಲಿಸಿದರೆ 10ರ ಅಳತೆಯಲ್ಲಿ ಸೂಜಿಯವರ ನೋವು 1.1ರಷ್ಟು, ಲೇಸರ್‌ನವರ ನೋವು 0.8ರಷ್ಟು ಕಡಿಮೆ ಇತ್ತು. ಹುಸಿ ಲೇಸರ್‌ನವರ ಪಕ್ಕದಲ್ಲಿ ಇಟ್ಟು ನೋಡಿದಾಗ ಈ ಅಂತರ ಕರಗಿಹೋಯಿತು. ಸೂಜಿಗೆ 0.4, ಲೇಸರ್‌ಗೆ 0.1. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅಲ್ಲ. ಒಂದು ವರ್ಷದ ಹೊತ್ತಿಗೆ ಏನೂ ಮಾಡಿಸಿಕೊಳ್ಳದವರಿಗಿಂತಲೂ ಹೆಚ್ಚಿನ ಲಾಭ ಉಳಿದಿರಲಿಲ್ಲ.

ಇಲ್ಲಿಗೆ ಕತೆ ಮುಗಿಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಅಧ್ಯಯನದಲ್ಲಿ ಬಳಸಿದ ಲೇಸರ್ 10 ಮಿಲಿವ್ಯಾಟ್‌ನದು, ಒಂದೊಂದು ಬಿಂದುವಿಗೆ ಕೊಟ್ಟದ್ದು 0.2 ಜೂಲ್. ಡೋಸ್ ಲೆಕ್ಕ ಸುಲಭ. ವ್ಯಾಟ್‌ನಲ್ಲಿ ಶಕ್ತಿ, ಸೆಕೆಂಡಿನಲ್ಲಿ ಸಮಯ, ಎರಡನ್ನೂ ಗುಣಿಸಿದರೆ ಜೂಲ್. 10 ಮಿಲಿವ್ಯಾಟ್ ಅನ್ನು 20 ಸೆಕೆಂಡು ಹಿಡಿದರೆ 0.2 ಜೂಲ್. 100 ಮಿಲಿವ್ಯಾಟ್ ಅನ್ನು 40 ಸೆಕೆಂಡು ಹಿಡಿದರೆ 4 ಜೂಲ್. ಈ 4 ಯಾಕೆ ಮುಖ್ಯ ಅಂದರೆ, ಕಣ್ಣಿಗೆ ಕಾಣದ 785ರಿಂದ 860 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಬೆಳಕಿಗೆ ಒಂದು ಜಾಗಕ್ಕೆ 4ರಿಂದ 8 ಜೂಲ್, 904 ನ್ಯಾನೊಮೀಟರ್‌ಗೆ 1ರಿಂದ 3 ಜೂಲ್ ಬೇಕು ಎಂಬುದು ಲೇಸರ್ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಘದ ಶಿಫಾರಸಿಗೆ ಹೊಂದುವ ಅಳತೆ. ಅದಕ್ಕಿಂತ ಎಷ್ಟೋ ಕಡಿಮೆ ಕೊಟ್ಟು ಲೇಸರ್ ಕೆಲಸ ಮಾಡಲಿಲ್ಲ ಎನ್ನುವುದು, ಮಾತ್ರೆಯ ಚೂರು ನುಂಗಿ ಮಾತ್ರೆಯೇ ಸರಿಯಿಲ್ಲ ಎಂದಂತೆ.

2019ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆ ಇದೇ ಎಳೆಯನ್ನು ಹಿಡಿಯಿತು. ಮಂಡಿ ಸವೆತಕ್ಕೆ ಕಡಿಮೆ ಶಕ್ತಿಯ ಲೇಸರ್ ಕೊಟ್ಟ 22 ಅಧ್ಯಯನಗಳು, 1063 ಜನ. ಒಟ್ಟಾರೆ ನೋಡಿದರೆ ಹುಸಿ ಲೇಸರ್‌ಗಿಂತ 100ರ ಅಳತೆಯಲ್ಲಿ ಸುಮಾರು 14ರಷ್ಟು ನೋವು ಕಡಿಮೆ. ಶಿಫಾರಸಾದ ಡೋಸ್ ಕೊಟ್ಟ ಅಧ್ಯಯನಗಳಲ್ಲಿ ಲಾಭ ಅದಕ್ಕಿಂತ ಜಾಸ್ತಿ. 2015ರ ಇನ್ನೊಂದು ವಿಮರ್ಶೆ ಲಾಭ ಕಾಣುವುದಿಲ್ಲ ಎಂದಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು. ಸಣ್ಣ ಸಣ್ಣ ಅಧ್ಯಯನಗಳನ್ನು ಒಟ್ಟು ಮಾಡಿದಾಗ ಯಾವುದನ್ನು ಸೇರಿಸುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಚೀನಾದ ಬಿಸಿ ಲೇಸರ್‌ನ ಪರೀಕ್ಷೆಯೂ ಇದೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 392 ಜನ ಇದ್ದರು. ನಾಲ್ಕು ವಾರದಲ್ಲಿ 12 ಸಲ ಮಾಡಿಸಿಕೊಂಡವರಿಗೆ ಹುಸಿ ಲೇಸರ್‌ನವರಿಗಿಂತ ನೋವು ಕಡಿಮೆಯಾಯಿತು.

ಸೂಜಿಯೋ, ಲೇಸರೋ?

ನೋವು ಕಡಿಮೆ ಮಾಡುವ ವಿಷಯದಲ್ಲಿ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಆಯ್ಕೆ ನಿಮ್ಮ ದೇಹದ ಸ್ಥಿತಿ ನೋಡಿ ಮಾಡುವಂಥದ್ದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯಿಂದ ಗಾಯ ಬೇಗ ಮಾಯದವರು, ಸೂಜಿ ಕಂಡರೆ ತಲೆ ತಿರುಗುವವರು ಲೇಸರ್ ಆರಿಸಿಕೊಳ್ಳುವುದು ಸರಿ. ಚುಚ್ಚುವುದೇ ಇಲ್ಲವಾದ್ದರಿಂದ ರಕ್ತ ಬರುವ, ಸೋಂಕು ತಗಲುವ ಭಯವಿಲ್ಲ. ಬೇರೆಯವರಿಗೆ ಯಾವುದಾದರೂ ನಡೆಯುತ್ತದೆ.

ಇಲ್ಲಿ ಒಂದು ವಿಷಯದ ಮೇಲೆ ಸ್ವಲ್ಪ ನಿಲ್ಲಬೇಕು. ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಿಗೂ, ಬೇಕೆಂದೇ ಬೇರೆ ಜಾಗಕ್ಕೆ ಮೇಲುಮೇಲೆ ಚುಚ್ಚಿಸಿಕೊಂಡವರಿಗೂ ಹೆಚ್ಚುಕಮ್ಮಿ ಒಂದೇ ರೀತಿ ಗುಣ ಕಂಡಿತು. ಎರಡೂ ಗುಂಪು ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದವು. ಅಂದರೆ ನಿಖರವಾದ ಬಿಂದುವಿನ ಪಾತ್ರ ಅಂದುಕೊಂಡಷ್ಟು ದೊಡ್ಡದಲ್ಲ. ಹೀಗಿರುವಾಗ ಲೇಸರನ್ನು ಪಾದದ, ಕೈಯ ಬಿಂದುಗಳಿಗೆ ಹಂಚುವುದಕ್ಕಿಂತ ನೋಯುವ ಕೀಲಿನ ಹತ್ತಿರವೇ ಪೂರ್ತಿ ಡೋಸ್ ಕೊಡುವುದು ಜಾಣತನ. ಚಿಪ್ಪಿನ ಕೆಳಗಿನ ಆ ಎರಡು ಗುಳಿಗಳು ಅಕ್ಯುಪಂಕ್ಚರ್ ಬಿಂದುಗಳೂ ಹೌದು, ಕೀಲಿನ ಗೆರೆಗೆ ಅಂಟಿಕೊಂಡೂ ಇವೆ. ಅಲ್ಲಿಂದ ಶುರುಮಾಡಿ ಗೆರೆಯುದ್ದಕ್ಕೂ ಹೋಗುವವರು ಸಿಕ್ಕರೆ ಎರಡೂ ಪದ್ಧತಿಯ ಒಳ್ಳೆಯದು ಒಟ್ಟಿಗೆ ಸಿಕ್ಕ ಹಾಗೆ.

ಮಾರ್ಗಸೂಚಿಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ನೈಸ್ 2022ರಲ್ಲಿ ಅಕ್ಯುಪಂಕ್ಚರ್ ಬೇಡ, ಲೇಸರ್ ಕೂಡ ಬೇಡ ಎಂದಿತು. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರಲ್ಲಿ ಅಕ್ಯುಪಂಕ್ಚರ್‌ಗೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಅಲ್ಲಿನ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2021ರಲ್ಲಿ ಎರಡನ್ನೂ ಬಳಸಬಹುದು ಎಂದಿತು, ಆದರೆ ಆಧಾರ ಸೀಮಿತ ಎಂದೂ ಬರೆಯಿತು. ವ್ಯಾಯಾಮದ ವಿಷಯಕ್ಕೆ ಬಂದಾಗ ಮಾತ್ರ ಮೂವರದೂ ಒಂದೇ ಮಾತು: ಮಾಡಿ.

ಲೇಸರ್ ಪಕ್ಕದಲ್ಲಿ ವ್ಯಾಯಾಮ

ಸವೆದ ಮಂಡಿಗೆ ವ್ಯಾಯಾಮ ಮಾಡಿದರೆ ಇನ್ನಷ್ಟು ಸವೆಯುತ್ತದೆ ಎಂಬ ಭಯ ತುಂಬಾ ಜನರಲ್ಲಿದೆ. ಈ ಭಯ ಹೋಗಬೇಕು. ತೊಡೆಯ ಮುಂದಿನ ಸ್ನಾಯು ಸೋತಿದ್ದರೆ ಪ್ರತಿ ಹೆಜ್ಜೆಯ ಹೊಡೆತ ಕೀಲಿನ ಮೇಲೆ ಬೀಳುತ್ತದೆ, ಆ ಸ್ನಾಯು ಗಟ್ಟಿಯಾದಂತೆ ಹೊಡೆತವನ್ನು ಅದು ತಾಳುತ್ತದೆ. ಬೆಳಕು ಈ ಕೆಲಸ ಮಾಡಲಾರದು.

ಒಂದೇ ವ್ಯಾಯಾಮ ಹೇಳು ಎಂದರೆ ಕುರ್ಚಿಯಿಂದ ಏಳುವುದನ್ನು ಹೇಳುತ್ತೇನೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಅದರ ಮುಂದಿನ ಅಂಚಿಗೆ ಬಂದು ಕೂರಿ. ಪಾದ ಸೊಂಟದಷ್ಟು ಅಗಲಕ್ಕೆ ಇರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಎದೆಯನ್ನು ಮುಂದಕ್ಕೆ ಬಾಗಿಸಿ ಕೈ ಊರದೆ ಏಳಿ. ಕೂರುವಾಗ ಧಪ್ ಎಂದು ಬೀಳಬೇಡಿ, ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಈ ಇಳಿಯುವ ಹೊತ್ತಿನಲ್ಲೂ ಸ್ನಾಯು ಗಟ್ಟಿಯಾಗುತ್ತದೆ. ಮಂಡಿಗಳು ಒಳಕ್ಕೆ ವಾಲದೆ ಪಾದದ ದಿಕ್ಕಿಗೇ ಇರಲಿ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿಕೊಳ್ಳಿ, ಸುಲಭವಾದ ಮೇಲೆ ದಿಂಬು ತೆಗೆಯಿರಿ. ಮಾಡುವಾಗ ಸ್ವಲ್ಪ ನೋವಿದ್ದರೆ ಹೆದರಬೇಡಿ. ಮಾರನೇ ದಿನಕ್ಕೂ ಜಾಸ್ತಿಯಾಗಿ ಉಳಿದರೆ ಎಣಿಕೆ ಕಡಿಮೆ ಮಾಡಿ.

ತೂಕ ಜಾಸ್ತಿ ಇರುವವರಿಗೆ ಇನ್ನೊಂದು ದಾರಿಯೂ ಇದೆ. ದೇಹದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿತು. ಆಹಾರ ನಿಯಂತ್ರಣವನ್ನೂ ವ್ಯಾಯಾಮವನ್ನೂ ಒಟ್ಟಿಗೆ ಮಾಡಿದವರಿಗೆ ಒಂದೊಂದನ್ನೇ ಮಾಡಿದವರಿಗಿಂತ ನೋವು ಹೆಚ್ಚು ಇಳಿಯಿತು ಎಂಬುದು 454 ಜನರನ್ನು 18 ತಿಂಗಳು ಗಮನಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದ ಫಲ.

ಹಾಗಾದರೆ ಲೇಸರ್‌ಗೆ ಜಾಗ ಎಲ್ಲಿ? ನೋವಿನಿಂದಾಗಿ ವ್ಯಾಯಾಮ ಶುರುಮಾಡಲೇ ಆಗದವರಿಗೆ. ಮೊದಲ ಕೆಲವು ವಾರ ನೋವು ಸ್ವಲ್ಪ ತಗ್ಗಿದರೂ ಸಾಕು, ಕುರ್ಚಿಯಿಂದ ಏಳುವ ಅಭ್ಯಾಸ ಹಿಡಿತಕ್ಕೆ ಬರುತ್ತದೆ. ಅಷ್ಟು ಕೆಲಸ ಅದು ಮಾಡಿದರೆ ಖರ್ಚು ಸಾರ್ಥಕ.

ಮುಲಾಮು, ಮಾತ್ರೆ, ಇಂಜೆಕ್ಷನ್, ಆಪರೇಷನ್

ಡೈಕ್ಲೋಫೆನಾಕ್‌ನಂಥ ನೋವು ನಿವಾರಕ ಜೆಲ್ ಮಂಡಿಗೆ ಒಳ್ಳೆಯ ಮೊದಲ ಆಯ್ಕೆ. ಮಂಡಿ ಚರ್ಮಕ್ಕೆ ಹತ್ತಿರದ ಕೀಲು, ಔಷಧ ರಕ್ತಕ್ಕೆ ಸೇರುವುದು ಕಡಿಮೆ. ಲೇಸರ್ ಮಾಡಿಸುವ ಮೊದಲು ಜೆಲ್ ಬಳಸಿ ನೋಡಿದ್ದೀರಾ ಎಂದು ನಾನಾದರೆ ಕೇಳುತ್ತೇನೆ. ಅದೇ ಗುಂಪಿನ ಮಾತ್ರೆಗಳೂ ಕೆಲಸ ಮಾಡುತ್ತವೆ, ಆದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇರುವವರಿಗೆ ಅಪಾಯ. ಮಾತ್ರೆ ತೆಗೆದುಕೊಳ್ಳಲಾಗದ ಇಂಥವರಿಗೆ ಲೇಸರ್‌ನ ಬೆಲೆ ಜಾಸ್ತಿ.

ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಅದು ಕೆಲವು ವಾರ ಇರುತ್ತದೆ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿಸಿಕೊಂಡವರಿಗೆ ಔಷಧವಿಲ್ಲದ ಬರೀ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಮೃದ್ವಸ್ಥಿ (ಕೀಲಿನಲ್ಲಿ ಮೂಳೆ ತುದಿಯ ಮೆತ್ತನೆಯ ಹೊದಿಕೆ) ಹೆಚ್ಚು ಕಳೆದುಹೋಯಿತು, ನೋವಿನಲ್ಲಿ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ ಎಂದು 2017ರ ಅಧ್ಯಯನ ಹೇಳಿತು. 2020ರಲ್ಲಿ 156 ಜನರನ್ನು ಹೋಲಿಸಿ ನೋಡಿದಾಗ, ಒಂದು ವರ್ಷದ ನಂತರ ಈ ಇಂಜೆಕ್ಷನ್‌ನವರಿಗಿಂತ ಫಿಸಿಯೋಥೆರಪಿಯವರೇ ಚೆನ್ನಾಗಿದ್ದರು. ರಕ್ತದಿಂದಲೇ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್ 2021ರ ದೊಡ್ಡ ಪರೀಕ್ಷೆಯಲ್ಲಿ ಉಪ್ಪುನೀರನ್ನು ಮೀರಿಸಲಿಲ್ಲ. ಅದಕ್ಕೆ ಹೋಲಿಸಿದರೆ ಲೇಸರ್ ಮಾಡಿಸುವುದೇ ವಾಸಿ.

ಮಂಡಿ ಬದಲಿಸುವ ಆಪರೇಷನ್ ಬೇರೆಯೇ ತೂಕದ ನಿರ್ಧಾರ. ಸವೆತ ಕೊನೆಯ ಹಂತಕ್ಕೆ ಬಂದು, ಕಾಲು ಬಾಗಿ, ರಾತ್ರಿಯೂ ನೋವಿದ್ದು, ಉಳಿದದ್ದೆಲ್ಲ ಮಾಡಿಯಾಗಿದ್ದರೆ ಲೇಸರ್ ಹೆಸರಲ್ಲಿ ಅದನ್ನು ಮುಂದೂಡುತ್ತಾ ಹೋಗಬೇಡಿ. ಸ್ನಾಯು ಪೂರ್ತಿ ಸೋತ ಮೇಲೆ ಆಪರೇಷನ್ ಮಾಡಿಸಿದರೆ ಚೇತರಿಕೆಯೂ ಕಷ್ಟ.

ಮಾಡಿಸುವುದಾದರೆ ಕೇಳಬೇಕಾದ್ದು

ಎಷ್ಟು ನ್ಯಾನೊಮೀಟರ್, ಎಷ್ಟು ಮಿಲಿವ್ಯಾಟ್, ಒಂದು ಜಾಗಕ್ಕೆ ಎಷ್ಟು ಜೂಲ್, ಎಷ್ಟು ಜಾಗ ಎಂದು ಕೇಳಿ. ಬಲ್ಲವರು ತಕ್ಷಣ ಹೇಳುತ್ತಾರೆ. ‘ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಲೇಸರ್ ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುತ್ತದೆ ಎಂದು ಭರವಸೆ ಕೊಡುವವರಿಂದಲೂ ದೂರ ಇರಿ. ಅದಕ್ಕೆ ಆಧಾರವಿಲ್ಲ.

ಕಣ್ಣಿನ ವಿಷಯದಲ್ಲಿ ಸಡಿಲ ಬೇಡ. 5ರಿಂದ 500 ಮಿಲಿವ್ಯಾಟ್‌ವರೆಗಿನದು 3ಬಿ ವರ್ಗ, ಅದಕ್ಕೂ ಮೇಲಿನದು 4ನೇ ವರ್ಗ. ಈ ಎರಡೂ ವರ್ಗದವು ಕಣ್ಣಿನ ಒಳಪದರವನ್ನು ಸುಡಬಲ್ಲವು. ಕಾಣದ ಬೆಳಕಾದರೆ ರೆಪ್ಪೆ ಮುಚ್ಚಿಕೊಳ್ಳುವ ಅವಕಾಶವೂ ಇಲ್ಲ. ಆ ಯಂತ್ರದ ಬೆಳಕಿಗೇ ಹೊಂದುವ ಕನ್ನಡಕ ನಿಮಗೂ ಇರಬೇಕು, ಚಿಕಿತ್ಸೆ ಕೊಡುವವರಿಗೂ ಇರಬೇಕು. 4ನೇ ವರ್ಗದ ಯಂತ್ರಗಳು ಚರ್ಮವನ್ನು ಬಿಸಿ ಮಾಡುತ್ತವೆ. ಕಪ್ಪು ಚರ್ಮ, ಹಚ್ಚೆ ಇರುವ ಜಾಗ ಬೆಳಕನ್ನು ಹೆಚ್ಚು ಹೀರುವುದರಿಂದ ಅಲ್ಲಿ ಬೇಗ ಸುಡುತ್ತದೆ. ಉರಿ ಅನ್ನಿಸಿದ ಕೂಡಲೇ ಹೇಳಿ. ಆ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ಲೇಸರ್ ಬೇಡ. ಗರ್ಭಿಣಿಯರು, ಬಿಸಿಲಿಗೆ ಚರ್ಮ ಕೆರಳುವಂಥ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರಿಗೆ ಹೇಳಿ.

ಮುಂಗಡವಾಗಿ ದೊಡ್ಡ ಪ್ಯಾಕೇಜ್ ಕಟ್ಟಬೇಡಿ. ಶುರುವಾಗುವ ಮೊದಲು ಎರಡು ಅಳತೆ ಬರೆದಿಟ್ಟುಕೊಳ್ಳಿ: ನಡೆಯುವಾಗಿನ ನೋವು 10ಕ್ಕೆ ಎಷ್ಟು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತೀರಿ. ನಾಲ್ಕು ವಾರ ವ್ಯಾಯಾಮದ ಜತೆಗೆ ಲೇಸರ್ ಮಾಡಿಸಿ, ಅವೇ ಎರಡನ್ನು ಮತ್ತೆ ಅಳೆಯಿರಿ. ನೋವು ಎರಡು ಅಂಕದಷ್ಟಾದರೂ ಇಳಿದಿದ್ದರೆ ಇನ್ನೂ ಕೆಲವು ಸಲ ಮುಂದುವರಿಸಬಹುದು. ಇಳಿಯದಿದ್ದರೆ ಲೇಸರ್ ಬಿಡಿ, ಕುರ್ಚಿಯ ವ್ಯಾಯಾಮ ಮುಂದುವರಿಸಿ.